ಸಣ್ಣ ಟಾಕಿ

ಕಳೆದ ವಾರ ಐದನೆಯ ತರಗತಿಯಲ್ಲಿ ಘನ, ದ್ರವ, ಅನಿಲದ ಪಾಠ ನಡೆದಿತ್ತು. ಅನಿಲಕ್ಕೆ ಉದಾಹರಣೆ ಕೇಳಿದೆವು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಗ್ಯಾಸ್ ರೀ ಸರ್. ಆದ್ರ ಟಾಕಿ ಒಳಗ ನೀರಿನಂಗ ಇರತೈತ್ರಿ. ಅಪ್ಪ ದೊಡ್ಡದರಿಂದ ಸಣ್ಣದಕ್ಕ ತುಂಬೂವಾಗ ನಾನ ಪೈಪ್ ಹಿಡಿತೀನ್ರಿ."

ಉತ್ತರ ಸರಿಯಾಗಿಯೇ ಇತ್ತು. ಶಾಬಾಸ್ ಎನ್ನಲು ಮಾತ್ರ ನಮಗೆ ಬಾಯಿ ಬರಲಿಲ್ಲ.

ನಮ್ಮದು ಜತ್ತ ತಾಲೂಕು. ಮಳೆ ಕಡಿಮೆ. ದಸರಾ ಮುಗಿಯುತ್ತಲೇ ಎಷ್ಟೋ ಮನೆಯವರು ಟೋಳಿ ಕಟ್ಟಿಕೊಂಡು ಕಬ್ಬು ಕಡಿಯಲು ಹೊರಡುತ್ತಾರೆ. ಗ್ಯಾಸಿನ ಪುಸ್ತಕ ಇರುವುದು ಊರಿನ ವಿಳಾಸಕ್ಕೆ. 14.2 ಕಿಲೋ ಸಿಲಿಂಡರ್ ಮನೆಯಲ್ಲಿ ಉಳಿಯುವ ಅಜ್ಜ ಅಜ್ಜಿಗೆ ಬೇಕು. ಹಾಗಾಗಿ ಸಂತೆಯಲ್ಲಿ ಸಿಗುವ ಸಣ್ಣ ಟಾಕಿಗೆ ಅದರಿಂದಲೇ ಒಂದಿಷ್ಟು ಇಳಿಸಿಕೊಂಡು ಹೋಗುತ್ತಾರೆ.

ಬೈಯುವುದಕ್ಕೆ ನಮಗೂ ಹಕ್ಕಿಲ್ಲ. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಹೋಗುವಾಗ ದಾರಿಯಲ್ಲಿ ಚಹಾಕ್ಕೆಂದು ನಾವೂ ಎರಡು ಸಲ ಅಡುಗೆಮನೆಯಲ್ಲೇ ತುಂಬಿದ್ದೆವು. ಎರಡನೆಯ ಸಲ ಪೈಪ್ ಜಾರಿತು. ಸುಂಯ್ ಎಂದು ಬೆಳ್ಳಗೆ ಹೊಗೆಯಂತೆ ಬಂದು ಬೆರಳು ಮರಗಟ್ಟಿತು. ಪಕ್ಕದ ಕೋಣೆಯಲ್ಲಿ ದೇವರ ಮುಂದೆ ದೀಪ ಉರಿಯುತ್ತಿತ್ತು. ಮನೆಯವರು ಓಡಿ ಹೋಗಿ ಆರಿಸಿದರು. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ, ಆ ದಿನ ಮಕ್ಕಳಿಗೆ ಹೇಳಿದೆವು.

ಪಾಠ ಅಲ್ಲಿಂದಲೇ ಮುಂದುವರಿಯಿತು. ಈ ಗ್ಯಾಸ್ ಪ್ರೋಪೇನ್, ಬ್ಯೂಟೇನ್‌ಗಳ ಮಿಶ್ರಣ. ಗಾಳಿಗಿಂತ ಭಾರ, ಆದ್ದರಿಂದ ಮೇಲೆ ಹೋಗದೆ ನೆಲದ ಮೇಲೆ ಹರಡಿ ಒಲೆ, ದೀಪ ಹುಡುಕಿಕೊಂಡು ಹೋಗುತ್ತದೆ. ಒಂದು ಲೋಟ ದ್ರವ ಸೋರಿದರೆ ಸುಮಾರು 250 ಲೋಟ ಅನಿಲವಾಗುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಕಿಡಿಗೆ ಹತ್ತಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ತೂಗಿ ತುಂಬುತ್ತಾರೆ, ಬಿಸಿಲಿಗೆ ದ್ರವ ಹಿಗ್ಗಲೆಂದು ಒಳಗೆ ಜಾಗ ಬಿಡುತ್ತಾರೆ. ಮನೆಯಲ್ಲಿ ತುಂಬುವವರು ಎಲ್ಲಿಯ ತೂಕ? ಸಾಕೆನ್ನಿಸುವ ತನಕ. ಅದನ್ನು ಕಬ್ಬಿನ ಫಡದಲ್ಲಿ, ಕೂಸು ಮಲಗಿಸಿದ ಕೊಪಿಯಲ್ಲಿ ಇಡುತ್ತಾರೆ. ಪರವಾನಗಿ ಇಲ್ಲದೆ ಹೀಗೆ ತುಂಬುವುದು 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿಗೂ ವಿರುದ್ಧ. ಆದರೆ ನಮ್ಮ ಜನಕ್ಕೆ ಕಾಯಿದೆಗಿಂತ ಕೊಪಿಯ ಮಾತೇ ಬೇಗ ತಿಳಿಯುತ್ತದೆ.

ಮರುದಿನ ಹುಡುಗನ ಅಪ್ಪ ಶಾಲೆಗೆ ಬಂದರು. ಸಿಟ್ಟಾಗಿರಬಹುದು ಅಂದುಕೊಂಡೆವು. "ತುಂಬಬ್ಯಾಡ ಅಂತೀರಿ ಸರ್, ಅಲ್ಲಿ ಏನ ಮಾಡೂಣ್ರಿ?" ಎಂದರು. ಕಂಪನಿಯವರದ್ದೇ 5 ಕಿಲೋ ಸಿಲಿಂಡರ್ ಇದೆ, ವಿಳಾಸದ ಪುರಾವೆ ಬೇಡ, ಗುರುತಿನ ಚೀಟಿ ಇದ್ದರೆ ಸಾಕು, ಇಂಡೇನ್‌ನವರು 2020ರಲ್ಲಿ ಅದಕ್ಕೆ 'ಛೋಟು' ಎಂದು ಹೆಸರಿಟ್ಟಿದ್ದಾರೆ ಎಂದು ಹೇಳಿದೆವು. ಸೋರಿದರೆ ಕರೆ ಮಾಡಲು 1906 ಎಂಬ ನಂಬರನ್ನೂ ಬರೆದುಕೊಟ್ಟೆವು. ರೇಟು ಕೇಳಿ ಅವರ ಮುಖ ಸಣ್ಣದಾಯಿತು. ಮುಕಾದಮನಿಂದ ಪಡೆದ ಮುಂಗಡ ಆಗಲೇ ಖರ್ಚಾಗಿತ್ತು.

ಕೊನೆಗೆ ಟೋಳಿಯ ಎರಡು ಮನೆಯವರು ಸೇರಿ ಒಂದು ಕೊಂಡರು. ಹೊರಡುವ ದಿನ ಹುಡುಗ ಶಾಲೆಯ ಗೇಟಿನ ತನಕ ಓಡಿ ಬಂದು, "ಸರ್, ಈ ಸಲ ನಾ ಪೈಪ್ ಹಿಡಿಲಿಲ್ರಿ" ಎಂದು ಹೇಳಿ ಟ್ರ್ಯಾಕ್ಟರ್ ಹತ್ತಿದ. ಅವನು ಇನ್ನು ಶಾಲೆಗೆ ಬರುವುದು ಹಂಗಾಮು ಮುಗಿದ ಮೇಲೆ.