ನೀರಿಗಂಜದ ಪಾಟಿ



ಬಹಳ ದಿನಗಳಿಂದ ನಾನು ಏನನ್ನೂ ಬರೆದಿರಲಿಲ್ಲ. ಕಾರಣ ಕೇಳಿದವರಿಗೆಲ್ಲ ಕಣ್ಣಿನ ತೊಂದರೆ ಎಂದು ಹೇಳುತ್ತ ಬಂದೆ. ಅದು ಅರ್ಧ ಸತ್ಯ. ಮನೆಗೆ ಬಂದ ಹೊಸ ವಸ್ತುವೊಂದನ್ನು ಹಿಡಿದುಕೊಂಡು ಎರಡು ತಿಂಗಳು ಹುಡುಗನಂತೆ ಆಡುತ್ತ ಕುಳಿತಿದ್ದೆನೆಂಬುದು ಉಳಿದರ್ಧ.

2025ರ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಬೀದರಿಗೆ ಬಂದ ಮಗನು ನನ್ನ ಕೈಗೆ ಒಂದು ಟ್ಯಾಬ್ಲೆಟ್ ಕೊಟ್ಟನು. ಫೋನನ್ನು ಮೂಗಿಗೆ ತಾಗಿಸಿಕೊಂಡು ಪತ್ರಿಕೆ ಓದುವ ತಂದೆಯನ್ನು ಕಂಡು ಅವನಿಗೆ ಕನಿಕರ ಹುಟ್ಟಿರಬೇಕು. “ಅಪ್ಪಾ, ಇದು ಭಾಳ ತೆಳ್ಳಗದ, ನೀರಾಗ ಬಿದ್ರೂ ಕೆಡಲ್ಲ” ಎಂದನು. ಏಳು ವರ್ಷದ ಮೊಮ್ಮಗನು ಕೂಡಲೇ, “ಮುತ್ಯಾ, ಹೌದಿನಾಗ ಹಾಕಿ ನೋಡಮು” ಎಂದು ಎದ್ದು ನಿಂತನು. ನಾನು ಬೆಲೆ ಕೇಳಿದೆ. 35,000 ರೂಪಾಯಿಗೂ ಮೇಲೆ! ನೌಕರಿಗೆ ಸೇರಿದ ಹೊಸದರಲ್ಲಿ ನನಗೆ ಎರಡು ವರ್ಷಕ್ಕೂ ಅಷ್ಟು ಸಂಬಳ ಬಂದಿರಲಿಲ್ಲ. ಹೌದಿನ ಪ್ರಯೋಗವನ್ನು ಅಲ್ಲಿಗೇ ರದ್ದುಪಡಿಸಲಾಯಿತು. (ಕಂಪನಿಯ ಹೆಸರನ್ನು ಬರೆಯುವುದಿಲ್ಲ. ಮಾಸ್ತರರು ಜಾಹೀರಾತು ಆರಂಭಿಸಿದರೆಂದು ನಿಮ್ಮಲ್ಲಿ ಕೆಲವರು ನಗುವಿರಿ.)

ಮೂವತ್ತೈದು ವರ್ಷ ವಿಜ್ಞಾನ ಕಲಿಸಿದವನು ಕಂಪನಿಯವರ ಮಾತನ್ನು ಹಾಗೆಯೇ ನಂಬುವುದುಂಟೆ? ಮೇಜಿನ ಖಾನೆಯಲ್ಲಿದ್ದ ವರ್ನಿಯರ್ ಕ್ಯಾಲಿಪರ್ಸ್ ಹೊರತೆಗೆದು ಅಳೆದೆ. ದಪ್ಪ ಆರೂವರೆ ಮಿಲಿಮೀಟರ್, ಹೇಳಿದ್ದು ನಿಜ. ಬಳಿಕ ಓಣಿಯ ಕಿರಾಣಿ ಅಂಗಡಿಯ ತಕ್ಕಡಿಯ ಮೇಲಿಟ್ಟೆ. 520 ಗ್ರಾಂ ಆಸುಪಾಸು, ಅಂದರೆ ಅರ್ಧ ಕಿಲೋ ತೊಗರಿಬೇಳೆಗಿಂತ ಒಂದು ಚಿಟಿಕೆ ಹೆಚ್ಚು. ಅಂಗಡಿಯವನು, “ಸರ್, ಇದನ್ನೂ ಈಗ ತೂಕದ ಮ್ಯಾಲ ಮಾರ್ತಾರೇನ್ರಿ?” ಎಂದು ಕೇಳಿದನು.

ಅರ್ಧ ಕಿಲೋ ಎಂದರೆ ಏನು ಮಹಾ ಎಂದುಕೊಂಡಿದ್ದೆ. ಕುರ್ಚಿಯಲ್ಲಿ ಕುಳಿತು ತೊಡೆಯ ಮೇಲಿಟ್ಟುಕೊಂಡು ಓದುವವರೆಗೆ ಏನೂ ಅನಿಸದು. ಮಲಗಿಕೊಂಡು ಎರಡೂ ಕೈಗಳಿಂದ ಎತ್ತಿ ಹಿಡಿದರೆ ಹತ್ತು ನಿಮಿಷಕ್ಕೆ ತೋಳು ಸೋಲುತ್ತದೆ; ಹನ್ನೊಂದನೆಯ ನಿಮಿಷಕ್ಕೆ ಅದು ಮೂಗಿನ ಮೇಲೆ ಬೀಳುತ್ತದೆ. ತೆಳುವಾದುದರಿಂದ ಕೈಗೆ ಹಿಡಿತ ಸಿಗುವುದಿಲ್ಲ. ಆ ಕಾರಣಕ್ಕೆ ರಬ್ಬರಿನ ಅಂಗಿ ತೊಡಿಸಿದೆವು. ಅದು ಮತ್ತೆ ಮೊದಲಿನಂತೆ ದಪ್ಪವಾಯಿತು! ತೆಳ್ಳಗೆ ಮಾಡುವ ಹುಚ್ಚು ಈಗಿನದಲ್ಲ. 2013ರಲ್ಲಿಯೇ ಸೋನಿ ಕಂಪನಿಯು ಎಕ್ಸ್‌ಪೀರಿಯಾ ಟ್ಯಾಬ್ಲೆಟ್ ಝಡ್ ಎಂಬುದನ್ನು ಹೊರತಂದಿತ್ತು. 6.9 ಮಿಲಿಮೀಟರ್ ದಪ್ಪ, ಅರ್ಧ ಕಿಲೋಗೆ ಐದು ಗ್ರಾಂ ಕಡಿಮೆ ತೂಕ, ಮೇಲಾಗಿ ನೀರು ತಡೆಯುವ ಗುಣ. ಈ ಹನ್ನೆರಡು ವರ್ಷಗಳಲ್ಲಿ ತೂಕದ ವಿಷಯದಲ್ಲಿ ನಾವು ಎಲ್ಲಿದ್ದೇವೋ ಅಲ್ಲಿಯೇ ಇದ್ದೇವೆ.

ಇನ್ನು ನೀರಿನ ಮಾತು. ಪೆಟ್ಟಿಗೆಯ ಮೇಲೆ ‘ಐಪಿ 68’ ಎಂದು ಅಚ್ಚಾಗಿತ್ತು. ಇದು ಐಇಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 60529ನೆಯ ಮಾನಕದ ಭಾಷೆ. ಇದನ್ನು ಅರವತ್ತೆಂಟು ಎಂದು ಓದಬಾರದು. ಆರು, ಎಂಟು ಎಂದು ಬಿಡಿಸಿ ಓದಬೇಕು. ಮೊದಲನೆಯ ಅಂಕಿ ಧೂಳಿನದು. ಆರು ಎಂದರೆ ಧೂಳು ಒಳಹೋಗುವುದೇ ಇಲ್ಲವೆಂದು ಅರ್ಥ. ಭಾಲ್ಕಿಯ ಎರೆಮಣ್ಣಿನ ಧೂಳು ತಿಂದು ಬೆಳೆದ ನಮಗೆ ಇದು ಸಣ್ಣ ಮಾತಲ್ಲ. ಎರಡನೆಯದು ನೀರಿನದು. ಏಳು ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಬದುಕುತ್ತದೆ. ಎಂಟು ಎಂದರೆ ಅದಕ್ಕೂ ಹೆಚ್ಚು, ಆದರೆ ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ತಯಾರಕರೇ ಹೇಳಬೇಕು. ನನ್ನದರಲ್ಲಿ ಒಂದೂವರೆ ಮೀಟರ್, ಮೂವತ್ತು ನಿಮಿಷ, ಅದೂ ಸಿಹಿನೀರು ಎಂದಿದೆ. ಸೋಪಿನ ನೀರು, ಉಪ್ಪುನೀರು, ಈಜುಕೊಳದ ನೀರು ಈ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಉಂಟು. ನಿಂತ ನೀರಿನಲ್ಲಿ ಮುಳುಗಿದರೆ ತಡೆಯುವ ವಸ್ತು ರಭಸದಿಂದ ಚಿಮ್ಮುವ ನೀರನ್ನು ತಡೆದೇ ತಡೆಯುತ್ತದೆಂಬ ಭರವಸೆ ಇಲ್ಲ; ಅದಕ್ಕೆ ಬೇರೆಯೇ ಅಂಕಿಗಳಿವೆ, ಬೇರೆಯೇ ಪರೀಕ್ಷೆಗಳಿವೆ. ಆದುದರಿಂದ ನಲ್ಲಿಯ ಕೆಳಗೆ ಹಿಡಿದು ತೊಳೆಯುವ ಶೌರ್ಯ ಬೇಡ.

ವಾರಂಟಿಯ ಹಾಳೆಯನ್ನು ಭೂತಗನ್ನಡಿ ಹಿಡಿದು ಓದಿದೆ. ನೀರಿನಿಂದ ಕೆಟ್ಟರೆ ರಿಪೇರಿ ವಾರಂಟಿಯಲ್ಲಿ ಬರುವುದಿಲ್ಲ ಎಂದು ಕೊನೆಯ ಪುಟದಲ್ಲಿತ್ತು. ಹುಡುಗನಿಗೆ ಈಜು ಬರುತ್ತದೆ, ಮುಳುಗಿದರೆ ಮಾತ್ರ ನಮ್ಮನ್ನು ಕೇಳಬೇಡಿ ಎಂದಂತಾಯಿತು. ಮೊದಲು ನಗು ಬಂದಿತು. ಆಮೇಲೆ ಯೋಚಿಸಿದರೆ ಅದರಲ್ಲಿ ಅರ್ಥವಿದೆ. ನೀರನ್ನು ತಡೆಯುವುದು ಅಂಚಿನ ಅಂಟು ಮತ್ತು ರಬ್ಬರು. ಅವು ಕಾಲಕ್ರಮದಲ್ಲಿ ಒಣಗುತ್ತವೆ. ಒಮ್ಮೆ ಕೆಳಗೆ ಬಿದ್ದರೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತವೆ. ನೌಬಾದದ ಕರೇಜನ್ನು ನೋಡಲು ನನ್ನೊಡನೆ ಬಂದವರಿಗೆ ನೆನಪಿರಬಹುದು. ಬಹಮನಿಯವರ ಕಾಲದ ಆ ಸುರಂಗದಲ್ಲಿ ನೀರು ಕಲ್ಲಿನ ಸಂದಿಯನ್ನೇ ಹುಡುಕಿಕೊಂಡು ಹರಿದು ಬರುವುದನ್ನು ನಿಮಗೆ ತೋರಿಸಿದ್ದೆ. ಸಂದಿ ಸಿಕ್ಕ ನೀರು ಸುಮ್ಮನಿರುವುದಿಲ್ಲ.

ದಿನಬಳಕೆಯ ಅನುಭವ ಹೇಳುತ್ತೇನೆ. ಬೆಳಿಗ್ಗೆ ಪತ್ರಿಕೆ ಓದಲು ಇದರಷ್ಟು ಸುಖವಾದುದು ಬೇರಿಲ್ಲ, ಪಡಸಾಲೆಯ ನೆರಳಿನಲ್ಲಿ ಮಾತ್ರ. ಬಿಸಿಲು ಬಿದ್ದರೆ ಪರದೆ ಕನ್ನಡಿಯಾಗಿ ನನ್ನ ಮುಖವನ್ನೇ ನನಗೆ ತೋರಿಸುತ್ತದೆ. ಹಳೆಯ ಪುಸ್ತಕಗಳ ಫೋಟೊ ಪ್ರತಿಗಳನ್ನು ದೊಡ್ಡದು ಮಾಡಿದರೆ ಸಾಲು ಪರದೆಯ ಆಚೆಗೆ ಹೋಗುತ್ತದೆ, ಪ್ರತಿ ಸಾಲಿಗೂ ಅತ್ತಿತ್ತ ಎಳೆಯಬೇಕು. ಬೆರಳಚ್ಚು ಮಾಡಿದ ಬರಹವಾದರೆ ಅಕ್ಷರ ಹಿಗ್ಗಿದಂತೆ ಸಾಲೂ ತಾನಾಗಿ ಮುರಿದು ಕೂರುತ್ತದೆ. ಸಂಗೀತಕ್ಕೆ ಎರಡು ಸ್ಪೀಕರುಗಳು ಎಡಬಲದ ಅಂಚಿನಲ್ಲಿವೆ. ಮಲ್ಲಿಕಾರ್ಜುನ ಮನ್ಸೂರರ ಕಂಠ ಸ್ಪಷ್ಟವಾಗಿಯೇ ಬರುತ್ತದೆ, ತಬಲದ ಎಡದ ಗುಮುಕು ಮಾತ್ರ ಈ ತೆಳ್ಳನೆಯ ಹೊಟ್ಟೆಯಲ್ಲಿ ಹುಟ್ಟುವುದಿಲ್ಲ. ಹಿಡಿದ ಕೈ ಸ್ಪೀಕರಿನ ಮೇಲೆ ಬಂದರೆ ಅರ್ಧ ಸಂಗೀತ ಅಂಗೈಯೊಳಗೇ ಉಳಿಯುತ್ತದೆ. ಒಮ್ಮೆ ಚಾರ್ಜು ಮಾಡಿದರೆ ನನ್ನ ಬಳಕೆಗೆ ಎರಡು ದಿನ. ಇದಕ್ಕೆ ಸಿಮ್ ಇಲ್ಲ. ಮನೆಯ ವೈಫೈ ದಾಟಿದರೆ ಫೋನಿನಿಂದ ಇಂಟರ್ನೆಟ್ ಕೊಡಬೇಕು.

ಒಂದು ಸಂಜೆ ಅಂಗಳದಲ್ಲಿ ಕುಳಿತಿದ್ದಾಗ ನಾಲ್ಕು ಹನಿ ಮಳೆ ಪರದೆಯ ಮೇಲೆ ಬಿತ್ತು. ಟ್ಯಾಬ್ಲೆಟ್ಟಿಗೆ ಏನೂ ಆಗಲಿಲ್ಲ. ಆದರೆ ಹನಿಗಳನ್ನೇ ಬೆರಳೆಂದು ತಿಳಿದು ಅದು ತಾನೇ ಪುಟ ತಿರುವತೊಡಗಿತು, ಹಾಡು ಬದಲಿಸಿತು, ಕೊನೆಗೆ ಯಾರಿಗೋ ಫೋಟೊ ಕಳಿಸಲು ಹೊರಟಿತು. ಒರೆಸಿ ಚಾರ್ಜಿಗೆ ಹಚ್ಚಿದರೆ, ರಂಧ್ರದಲ್ಲಿ ತೇವವಿದೆ ಎಂದು ಹೇಳಿ ವಿದ್ಯುತ್ತನ್ನು ಸ್ವೀಕರಿಸಲೇ ಇಲ್ಲ. ಎರಡು ತಾಸು ಗಾಳಿಗಿಟ್ಟ ಮೇಲೆ ಒಪ್ಪಿತು. ನೀರಿನಲ್ಲಿ ಬದುಕುವುದು ಬೇರೆ, ನೀರಿನಲ್ಲಿ ಕೆಲಸ ಮಾಡುವುದು ಬೇರೆ ಎಂದು ಅಂದು ತಿಳಿಯಿತು. ಕುಳಿತಲ್ಲೇ ಪತ್ರಿಕೆ ಓದುವ ನನ್ನಂಥವನಿಗೆ ಈ ನೀರಿನ ಗುಣಕ್ಕಾಗಿ ಹಣ ಸುರಿಯುವುದು ದಂಡವೆಂದು ತೀರ್ಪು ಬರೆಯಲು ಸಿದ್ಧನಾಗಿದ್ದೆ.

ಅಷ್ಟರಲ್ಲಿ ಪಂಚಮಿ ಬಂದಿತು.

ಪಂಚಮಿಗೆ ಅಕ್ಕ ತವರಿಗೆ ಬರುವುದನ್ನು ನಿಲ್ಲಿಸಿ ವರ್ಷಗಳಾದವು, ಮೊಣಕಾಲು ಬಿಡುವುದಿಲ್ಲ. ಭಾಲ್ಕಿಯ ನಮ್ಮ ಹಳೆಯ ಮನೆಯಿಂದ ಉಂಡಿ ಕಟ್ಟಿಸಿಕೊಂಡು ಔರಾದ ತಾಲೂಕಿನ ಅವಳ ಹಳ್ಳಿಗೆ ನಾನೇ ಹೋಗುತ್ತೇನೆ. ಈ ಸಲ ಟ್ಯಾಬ್ಲೆಟ್ಟನ್ನೂ ಚೀಲದಲ್ಲಿ ಹಾಕಿಕೊಂಡೆ, ಮೊಮ್ಮಕ್ಕಳ ಫೋಟೊ ತೋರಿಸಲೆಂದು. ಭಾಲ್ಕಿಯ ಮನೆಯ ಪಡಸಾಲೆಯಲ್ಲಿ ಗೋಡೆಯ ಗೂಡೊಂದು ಖಾಲಿಯಾಗಿದೆ. ಅಲ್ಲಿ ನಮ್ಮ ತಂದೆಯವರ ರೇಡಿಯೊ ಇರುತ್ತಿತ್ತು.

ನಮ್ಮ ತಂದೆಯವರು ನಿಜಾಮನ ಕಾಲದಲ್ಲಿ ಭಾಲ್ಕಿ ಹಿರೇಮಠದ ಶಾಲೆಯಲ್ಲಿ ಕಲಿತವರು. ಹೊರಗೆ ಉರ್ದು ಫಲಕ ಹಾಕಿ ಒಳಗೆ ಚನ್ನಬಸವ ಪಟ್ಟದ್ದೇವರು ಕನ್ನಡ ಕಲಿಸಿದ ಕಥೆ ನಿಮಗೆಲ್ಲ ಗೊತ್ತಿದೆ. 1966ರಲ್ಲಿ ಗುಲಬರ್ಗಾ ಆಕಾಶವಾಣಿ ಆರಂಭವಾದ ಮೇಲೆ ಕನ್ನಡ ಕೇಳುವ ಆಸೆಯಿಂದ ಅವರು ರೇಡಿಯೊ ತಂದರು. ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಅದಕ್ಕೆ ಲೈಸೆನ್ಸ್ ಮಾಡಿಸಬೇಕಿದ್ದ ದಿನಗಳವು. ಅದಕ್ಕೊಂದು ಬಟ್ಟೆಯ ಗವಸು, ಗವಸಿನ ಮೇಲೊಂದು ಟವೆಲು. ಒಂದು ದಿನ ಅಕ್ಕ ಮನೆ ಸಾರಿಸಿ, ಅದೇ ಹುರುಪಿನಲ್ಲಿ ರೇಡಿಯೊದ ಧೂಳನ್ನು ಹಸಿ ಬಟ್ಟೆಯಿಂದ ಒರೆಸಿದಳು. ರೇಡಿಯೊ ಕೆಡಲಿಲ್ಲ. ಆದರೆ ತಂದೆಯವರು ಅಂದು ಆಡಿದ ಮಾತನ್ನು ನಾನು ಇಲ್ಲಿ ಬರೆಯಲಾರೆ. ಅಂದಿನಿಂದ ಹೆಣ್ಣುಮಕ್ಕಳು ರೇಡಿಯೊ ಮುಟ್ಟಬಾರದೆಂದು ಕಾಯಿದೆಯಾಯಿತು. ಆರು ವರ್ಷದ ನನಗೆ ಗುಂಡಿ ತಿರುವುವ ಅಧಿಕಾರವಿತ್ತು. ಹದಿನಾರರ ಅಕ್ಕ ಬಾಗಿಲ ಆಚೆ ನಿಂತು ಕೇಳುತ್ತಿದ್ದಳು.

ಇನ್ನೂ ಒಂದನ್ನು ಹೇಳಲೇಬೇಕು. ನಾನು ಹುಟ್ಟಿದ ವರ್ಷವೇ ಅಕ್ಕನ ಶಾಲೆ ನಾಲ್ಕನೆಯ ಇಯತ್ತೆಗೆ ನಿಂತಿತು. ತಾಯಿ ಹೊಲಕ್ಕೆ ಹೋದರೆ ನನ್ನ ತೊಟ್ಟಿಲು ತೂಗುವವರು ಬೇಕಿದ್ದರು. ನನ್ನ ಬಿ.ಇಡಿ. ಪದವಿಯ ಮೊದಲನೆಯ ಕಂತನ್ನು ಅವಳು ಆಗಲೇ ಕಟ್ಟಿದ್ದಳು.

ಔರಾದದಲ್ಲಿ ಬಸ್ಸು ಇಳಿದಾಗ ಮಳೆ ಹಿಡಿದಿತ್ತು. ಹಳ್ಳಿ ಮುಟ್ಟುವುದರೊಳಗೆ ಚೀಲ ತೊಯ್ದು, ಉಂಡಿ ಮೆತ್ತಗಾಗಿ, ಟ್ಯಾಬ್ಲೆಟ್ಟಿನಿಂದ ನೀರು ಇಳಿಯುತ್ತಿತ್ತು. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ಕಂಡು, “ಅಯ್ಯ ತಮ್ಮಾ, ನಿನ್ನ ಪಾಟಿ ತೊಯ್ದದಲ್ಲೋ!” ಎಂದು ಗಾಬರಿಯಾದಳು. ಗುಂಡಿ ಒತ್ತಿದೆ, ಬೆಳಗಿತು. ಅವಳ ಮುಖದ ಮೇಲಿನ ಗಾಬರಿ ಹೋಗಿ ಬೇರೊಂದು ಭಾವ ಬಂದಿತು, ಆದರೆ ಮುಟ್ಟಲಿಲ್ಲ. “ನನ್ನ ಕೈ ಹಸಿ ಅವ” ಎಂದಳು. ಮೂರು ವರ್ಷದ ಹಿಂದೆ ಅವಳ ಕೈಯಿಂದ ಜಾರಿದ ಫೋನು ದನದ ಹೌದಿನಲ್ಲಿ ಬಿದ್ದು ಸತ್ತಿತು. ಮನೆಯವರೊಬ್ಬರು ಅಂದ ಮಾತಿನಿಂದಾಗಿ ಅಂದಿನಿಂದ ಅವಳು ಯಾವ ಯಂತ್ರವನ್ನೂ ಮುಟ್ಟಿಲ್ಲ. (ಹೆಸರು ಬೇಡ. ಅವರೂ ಇದನ್ನು ಓದುತ್ತಾರೆ.)

ಊಟವಾದ ಮೇಲೆ ಬಲವಂತದಿಂದ ಅವಳ ಕೈ ಹಿಡಿದು ಬೆರಳನ್ನು ಪರದೆಗೆ ತಾಗಿಸಿದೆ. ಫೋಟೊ ಸರಿಯಲಿಲ್ಲ. ಇನ್ನೊಮ್ಮೆ ಎಳೆದಳು, ಇಲ್ಲ. ನನ್ನ ಬೆರಳಿಗೆ ಸರಿಯಿತು. “ನೋಡು, ನಂದು ಆಗಲ್ಲ ಅದಕ್ಕ” ಎಂದು ಕೈ ಹಿಂದೆಳೆದುಕೊಂಡಳು. ಕಾರಣ ನನಗೆ ಹೊಳೆಯಿತು. ಈ ಪರದೆಯು ಒತ್ತಡವನ್ನು ಅರಿಯುವುದಿಲ್ಲ. ಚರ್ಮದಲ್ಲಿರುವ ತೇವದ ಮೂಲಕ ವಿದ್ಯುದಂಶದಲ್ಲಾಗುವ ಸೂಕ್ಷ್ಮ ಬದಲಾವಣೆಯನ್ನು ಅರಿಯುತ್ತದೆ. ಅರವತ್ತು ವರ್ಷ ಕಳೆ ಕಿತ್ತು, ರೊಟ್ಟಿ ಸುಟ್ಟು ಅಕ್ಕನ ಬೆರಳ ತುದಿ ಒಣಗಿದ ಜಾಲಿಯ ತೊಗಟೆಯಂತಾಗಿದೆ. ಅದನ್ನು ಈ ಯಂತ್ರವು ಬೆರಳೆಂದೇ ಗುರುತಿಸಲಿಲ್ಲ. ಸ್ಪರ್ಶವನ್ನು ಚುರುಕುಗೊಳಿಸುವ ಸೆಟ್ಟಿಂಗ್ ಇತ್ತು. ಹಾಕಿದೆ, ಅರ್ಧ ಕೆಲಸವಾಯಿತು. ಬಳಿಕ ಪಕ್ಕದ ಚರಿಗೆಯಲ್ಲಿ ಬೆರಳು ಅದ್ದಿ, ಸೀರೆಯ ಸೆರಗಿಗೆ ತುಸು ಒರೆಸಿ ಮುಟ್ಟಲು ಹೇಳಿದೆ. ಫೋಟೊ ಸರ್ರನೆ ಸರಿಯಿತು! ಬೇರೆ ಯಂತ್ರವಾಗಿದ್ದರೆ ಹಸಿ ಕೈ ತರಬೇಡ ಎನ್ನುತ್ತಿದ್ದೆವು.

ಬೀದರಿನಲ್ಲಿ ನನ್ನ ಓದಿಗಾಗಿ ‘ವಚನ ಸಂಚಯ’ ತಾಣದಿಂದ ನೂರು ವಚನಗಳನ್ನು ತೆಗೆದು ಒಂದು ಕಡತದಲ್ಲಿ ಇಟ್ಟಿದ್ದೆ. ಅಲ್ಲಿ ಸಿಗ್ನಲ್ಲಿಗೆ ಮಾಳಿಗೆ ಹತ್ತಬೇಕು, ಹೀಗಾಗಿ ಮೊದಲೇ ತುಂಬಿಕೊಂಡು ಬಂದದ್ದೇ ಒಳ್ಳೆಯದಾಯಿತು. ಅಕ್ಷರವನ್ನು ಹೆಬ್ಬೆರಳಿನಷ್ಟು ದೊಡ್ಡದು ಮಾಡಿ ಅವಳ ಮುಂದಿಟ್ಟೆ. ಎಪ್ಪತ್ತನಾಲ್ಕರ ಅಕ್ಕ ಒಂದೊಂದೇ ಅಕ್ಷರ ಕೂಡಿಸಿ, ಒತ್ತಕ್ಷರದಲ್ಲಿ ತಡೆದು, ಮತ್ತೆ ಹಿಂದಕ್ಕೆ ಹೋಗಿ ಓದಿದಳು. ಕೇಳಿ ಬಾಯಿಪಾಠವಾಗಿದ್ದ ವಚನವೇ ಅದು. ಆದರೂ ಕಣ್ಣಿನಿಂದ ಓದಿದಳು. ನಾನು ತಿದ್ದಲು ಬಾಯಿ ತೆರೆದು, ಸುಮ್ಮನಾದೆ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಟ್ಯಾಬ್ಲೆಟ್ಟು ಒಲೆಯ ಪಕ್ಕ ಡಬ್ಬಿಗೆ ಆನಿಸಿ ನಿಂತಿದೆ, ಮನ್ಸೂರರು ಹಾಡುತ್ತಿದ್ದಾರೆ, ಪರದೆಯ ಮೇಲೆಲ್ಲ ಜೋಳದ ಹಿಟ್ಟು. ನನ್ನನ್ನು ಕಂಡ ಅಕ್ಕ ಹಸಿ ಬಟ್ಟೆ ತೆಗೆದುಕೊಂಡು, ಶಾಲೆಯ ಪಾಟಿ ಒರೆಸಿದಂತೆ, ಅದನ್ನು ಎಡದಿಂದ ಬಲಕ್ಕೆ ಒರೆಸಿದಳು. ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಚಹಾ ಕೇಳಿದೆ. ಅವಳು ಉಳಿದರ್ಧವನ್ನೂ ಒರೆಸಿದಳು.

ಬೀದರಿಗೆ ಬರಿಗೈಯಲ್ಲಿ ಬಂದೆ. ಮಗನಿಗೆ ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ, “ಅತ್ತಿಗೆ ಚಾರ್ಜ್ ಮಾಡೋದು ತೋರ್ಸೀರಿಲ್ಲೋ?” ಎಂದನು. ತೋರಿಸಿದ್ದೇನೆ. ‘ಹಸಿ ಇದ್ದಾಗ ಚಾರ್ಜಿಗೆ ಹಚ್ಚಬಾರದು’ ಎಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿ ಬಂದಿದ್ದೇನೆ.

ನೂರು ವಚನಗಳು ಮುಗಿಯುತ್ತ ಬಂದವೆಂದು ಮೊನ್ನೆ ಅಕ್ಕ ಫೋನು ಮಾಡಿಸಿದ್ದಳು. ಈಗ ಕಥೆ ಬೇಕಂತೆ, ಸಣ್ಣವು, ಒತ್ತಕ್ಷರ ಕಡಿಮೆ ಇರುವಂಥವು. ನಿಮ್ಮಲ್ಲಿ ಯಾರ ಬಳಿಯಾದರೂ ಮಕ್ಕಳ ಕಥೆಗಳ ಬೆರಳಚ್ಚು ಪ್ರತಿ ಇದ್ದರೆ ಕಳುಹಿಸಿಕೊಡಿರಿ. ಫೋಟೊ ಪ್ರತಿ ಬೇಡ. ಕಾರಣವನ್ನು ಮೇಲೆ ಹೇಳಿದ್ದೇನೆ.