ಭದ್ರಾವತಿಗೆ ಒಂದು ಪಯಣ

ಕಳೆದ ರಜೆಯಲ್ಲಿ ಒಂದು ಬೆಳಗ್ಗೆ ನಾವು ಮಗನೊಡನೆ ಶಿವಮೊಗ್ಗೆಯಿಂದ ಭದ್ರಾವತಿಗೆ ಹೊರಟೆವು. ತುಂಗೆಯನ್ನು ದಾಟಿ ಸುಮಾರು 20 ಕಿಲೋಮೀಟರು ಹೋದರೆ ಭದ್ರೆಯ ದಡದ ಆ ಊರು ಸಿಕ್ಕುವುದು. ದಾರಿ ಕಿರಿದಾದರೂ ಮನಸ್ಸಿನ ಭಾರ ಹಿರಿದಾಗಿತ್ತು. ಹದಿಮೂರು ವರ್ಷದ ಹುಡುಗನು ಕಾರ್ಟ್ ಪಂದ್ಯಕ್ಕೆ ಸೇರುವೆನೆಂದು ಹಟ ಹಿಡಿದಿದ್ದನು. ಸಂಬಳವನ್ನೇ ನಂಬಿದ ಮನೆಗೆ ಇದು ಸಲ್ಲುವ ಆಟವೇ? ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಮಾವನವರನ್ನು ಕೇಳಿಯೇ ತೀರ್ಮಾನಿಸಬೇಕೆಂದಿದ್ದೆವು.

ಭದ್ರಾವತಿಯ ಹೆಸರು ಲೋಕಕ್ಕೆ ತಿಳಿದುದು ಆ ಕಾರ್ಖಾನೆಯಿಂದ. ಕೆಮ್ಮಣ್ಣುಗುಂಡಿಯ ಅದಿರನ್ನು ತಂದು, ಮಲೆನಾಡಿನ ಸೌದೆಯ ಇದ್ದಿಲನ್ನು ಉರಿಸಿ, 1923ರಲ್ಲಿ ಇಲ್ಲಿ ಕಬ್ಬಿಣವನ್ನು ಕರಗಿಸತೊಡಗಿದರು. ಅದನ್ನು ನೆಲೆಗೊಳಿಸಲು ಸರ್ ಎಂ. ವಿಶ್ವೇಶ್ವರಯ್ಯನವರು ಪಟ್ಟ ಶ್ರಮವನ್ನು ಊರವರು ಇಂದಿಗೂ ನೆನೆಯುವರು.

ಊಟವಾದ ಮೇಲೆ ವಿಷಯವನ್ನು ಎತ್ತಿದೆವು. ಮಾವನವರು ನಕ್ಕು, "ಅಳಿಯಂದಿರೇ, ಹಣವುಳ್ಳವರು ಮೇಲಾದ ಎಂಜಿನನ್ನು ಕೊಳ್ಳುವರು. ನಮ್ಮ ಹುಡುಗ ಎಷ್ಟು ಜಾಣನಾದರೇನು?" ಎಂದರು.

ಹುಡುಗನು ಸುಮ್ಮನಿರಲಿಲ್ಲ. "ಇಲ್ಲ ಅಜ್ಜ, ಎಲ್ಲರಿಗೂ ಒಂದೇ ಎಂಜಿನು" ಎಂದು ವಿವರಿಸಿದನು. ಕಾರ್ಟ್ ಎಂದರೆ ಬಾಗಿಲು, ಮಾಡು, ಸ್ಪ್ರಿಂಗು ಒಂದೂ ಇಲ್ಲದ ನಾಲ್ಕು ಚಕ್ರದ ಪುಟ್ಟ ಗಾಡಿ. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಆರ್ಟ್ ಇಂಗೆಲ್ಸ್ ಎಂಬವರು ಹುಲ್ಲು ಕತ್ತರಿಸುವ ಯಂತ್ರದ ಎಂಜಿನನ್ನು ಜೋಡಿಸಿ ಮೊದಲನೆಯದನ್ನು ಕಟ್ಟಿದರು. ಆಟ ಬೆಳೆದಂತೆ ಎಂಜಿನನ್ನು ತಿದ್ದಿ ತೀಡುವ ಖರ್ಚೂ ಬೆಳೆಯಿತು. ಅದಕ್ಕೆ ಕಡಿವಾಣವಾಗಿ ಆಸ್ಟ್ರಿಯದ ರೋಟ್ಯಾಕ್ಸ್ ಕಂಪನಿಯ 125 ಸಿ.ಸಿ. ಎಂಜಿನಿನ ವರ್ಗಗಳು ಬಂದವು. ಅಧಿಕೃತ ಕಾರ್ಯಾಗಾರದವರು ಎಂಜಿನಿನ ಒಳಭಾಗವನ್ನು ಪರೀಕ್ಷಿಸಿ ಮುದ್ರೆಯಿಡುತ್ತಿದ್ದರು. ಮುದ್ರೆ ಒಡೆದ ಎಂಜಿನಿಗೆ ಪಂದ್ಯದಲ್ಲಿ ಎಡೆಯಿರಲಿಲ್ಲ. 2000ದಲ್ಲಿ ಮೊದಲ್ಗೊಂಡ ಅದರ ಜಾಗತಿಕ ಅಂತಿಮ ಪಂದ್ಯದಲ್ಲಿ ಎಂಜಿನುಗಳನ್ನು ಚೀಟಿಯೆತ್ತಿ ಹಂಚುವರು. ಈ ವರ್ಗದ ರಾಷ್ಟ್ರೀಯ ಪಂದ್ಯಗಳು ನಮ್ಮ ಬೆಂಗಳೂರಿನಲ್ಲಿಯೂ ನಡೆದಿವೆ.

ಮಾವನವರು ಸ್ವಲ್ಪ ಹೊತ್ತು ಯೋಚಿಸಿದರು. "ಎರಕದ ಕೊಳವೆಗಳೂ ಹೀಗೆಯೇ. ಅಳತೆ ಒಂದೇ ಆದರೆ ಮಾತ್ರ ಒಂದಕ್ಕೊಂದು ಕೂಡುವುವು. ಸರಿ, ಟೈರು, ಚೌಕಟ್ಟು, ಪ್ರಯಾಣ ಇವುಗಳ ಗತಿ?" ಎಂದು ಕೇಳಿದರು. ಹುಡುಗನು ತಲೆ ತಗ್ಗಿಸಿದನು. ಅಗ್ಗವೆಂದರೆ ಶ್ರೀಮಂತರ ಲೆಕ್ಕಕ್ಕೆ ಅಗ್ಗ. ಎಂಜಿನಿನ ಪೈಪೋಟಿ ನಿಂತರೂ ಉಳಿದ ವೆಚ್ಚ ನಿಲ್ಲದೆಂಬುದು ನಿಜ.

ಕೊನೆಗೆ ಒಪ್ಪಂದವಾಯಿತು. ಮೊದಲ ವರ್ಷ ಸ್ವಂತ ಗಾಡಿಯಿಲ್ಲ. ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಬಾಡಿಗೆಯ ಕಾರ್ಟಿನಲ್ಲಿ ಕಲಿಯಬೇಕು. ಅಲ್ಲಿ ಸಮನಾದ ಗಾಡಿಯಲ್ಲಿ ಅವನ ಕೈ ಎಷ್ಟು ಮುಂದೆಂಬುದು ಕಾಣುವುದು. ಮುಂದಿನ ಮಾತು ಅನಂತರ.

ಹೊರಡುವಾಗ ಮಾವನವರು ತಮ್ಮ ಹಳೆಯ ಕ್ಯಾಲಿಪರನ್ನು ಪೆಟ್ಟಿಗೆಯಿಂದ ತೆಗೆದು ಮೊಮ್ಮಗನ ಕೈಗಿತ್ತರು. "ಓಡಿಸುವ ಮೊದಲು ಅಳೆಯುವುದನ್ನು ಕಲಿ" ಎಂದರು. ತುಂಗೆಯ ಸೇತುವೆ ಬರುವವರೆಗೂ ಹುಡುಗನು ಕೈಗೆ ಸಿಕ್ಕಿದುದನ್ನೆಲ್ಲ ಅಳೆಯುತ್ತಲೇ ಇದ್ದನು.