ನಂಜನಗೂಡಿನ ಛತ್ರದಿಂದ ನರಸೀಪುರದ ಸಂಗಮಕ್ಕೆ

ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ಹೋದರೆ ನಂಜನಗೂಡು. ಆಗ್ನೇಯಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ತಿರುಮಕೂಡಲು ನರಸೀಪುರ. ಈ ಎರಡೂರನ್ನು ಒಂದೇ ದಾರದಲ್ಲಿ ಪೋಣಿಸಿರುವುದು ಕಪಿಲಾ ನದಿ. ಭೂಪಟದಲ್ಲಿ ಕಬಿನಿ ಅಂತ ಬರೆದಿರುತ್ತಾರೆ, ನಮಗೆ ಮಾತ್ರ ಅವಳು ಕಪಿಲೆಯೇ. ನಂಜುಂಡೇಶ್ವರನ ಪಾದದ ಬಳಿ ಹರಿದು, ಗದ್ದೆ ತೋಟಗಳಿಗೆ ನೀರುಣಿಸಿ, ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ.

ಸೋದರಿಯರೇ, ಈ ಎರಡು ಕ್ಷೇತ್ರಗಳ ಮಹಿಮೆಯನ್ನು ನೀವು ಬೇಕಾದಷ್ಟು ಓದಿರುತ್ತೀರಿ. ಆದರೆ ಒಣಗಿದ, ಕಲೆಯಿರುವ ಮುಖದ ಮೇಲೆ ಫೌಂಡೇಷನ್ ನುಣುಪಾಗಿ ಕೂರುವುದು ಹೇಗೆ ಎಂಬ ವಿದ್ಯೆಯನ್ನು ನಾನು ಕಲಿತು ಬಂದದ್ದು ಈ ಪ್ರವಾಸದಲ್ಲೇ. ನಗಬೇಡಿ! ತೀರ್ಥಯಾತ್ರೆಗೂ ಮುಖದ ಬಣ್ಣಕ್ಕೂ ಏನ್ರೀ ಸಂಬಂಧ ಅಂತ ಕೇಳುವವರು ಕೊನೆಯವರೆಗೆ ಓದಿ.

ನಾವು ಹೋದದ್ದು ಮಾಘಮಾಸದಲ್ಲಿ, ಓರಗಿತ್ತಿಯ ಮಗಳ ಮದುವೆಗೆ. ನಂಜುಂಡನ ಸನ್ನಿಧಿಯಲ್ಲಿ ಮದುವೆ ಮಾಡುತ್ತೇವೆಂದು ಹರಕೆ ಹೊರುವವರು ನಮ್ಮ ಕಡೆ ಬಹಳ. ಸುಮಾರು 120 ಅಡಿಯ, ಏಳು ಅಂತಸ್ತಿನ ಗೋಪುರ ದೂರದಿಂದಲೇ ಕೈಬೀಸಿ ಕರೆಯುತ್ತದೆ. ಊರಿಗೆ ಬರುವಾಗ ಹೊಳೆಯ ಮೇಲಿನ ಹಳೆಯ ಕಲ್ಲು ಸೇತುವೆಯನ್ನು ನೋಡಲು ಮರೆಯಬೇಡಿ. ಅದು 1735ರ ಕಾಲದ್ದು. ಒಂದು ಕಾಲಕ್ಕೆ ರೈಲೂ ಅದರ ಮೇಲೆಯೇ ಓಡಾಡುತ್ತಿತ್ತು. ನಮ್ಮ ಅಜ್ಜಿಯರು ಹಲ್ಲುಜ್ಜುತ್ತಿದ್ದ ನಂಜನಗೂಡು ಹಲ್ಲುಪುಡಿಯ ತವರೂ ಇದೇ, ಬಿ. ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಆರಂಭಿಸಿದ್ದು 1913ರಲ್ಲಿ. ರಸಬಾಳೆಯ ರುಚಿಯನ್ನಂತೂ ಹೇಳಿ ಮುಗಿಸಲಾರೆ.

ನಂಜು ಉಂಡವನು ನಂಜುಂಡ. ಆ ವಿಷ ಗಂಟಲಲ್ಲೇ ನಿಂತು ಕಂಠ ಕಪ್ಪಾಯಿತಂತೆ. ಆದರೂ ಈ ಊರಿನ ದೇವರಿಗೆ ಇಟ್ಟ ಹೆಸರು ಶ್ರೀಕಂಠ, ಅಂದರೆ ಚೆಲುವಾದ ಕೊರಳಿನವನು! ರೋಗ ವಾಸಿ ಮಾಡುವ ದೇವರೆಂದೂ ಹೆಸರು. ಟಿಪ್ಪು ಸುಲ್ತಾನನ ಆನೆಗೆ ಕಣ್ಣು ಬಂದದ್ದಕ್ಕೆ ಅವನು ಈ ದೇವರನ್ನು ಹಕೀಂ ನಂಜುಂಡ ಎಂದು ಕರೆದು, ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂದು ಇಲ್ಲಿಯವರು ಹೇಳುತ್ತಾರೆ.

ಇನ್ನು ಛತ್ರಕ್ಕೆ ಬನ್ನಿ. ಮಾಘದ ಗಾಳಿ ಗೊತ್ತಲ್ಲ, ತುಟಿ, ಹಿಮ್ಮಡಿ ಎಲ್ಲ ಒಡೆಯುವ ಕಾಲ. ವರಪೂಜೆಯ ಸಂಜೆ ಹುಡುಗಿಯ ಗೆಳತಿಯರು ಅವಳ ಮುಖಕ್ಕೆ ಫೌಂಡೇಷನ್ ಹಚ್ಚಿ ನೋಡಿದರು. ಅಯ್ಯೋ, ಮೂಗಿನ ಪಕ್ಕ, ಗಲ್ಲದ ಮೇಲೆ ಒಣಸಿಪ್ಪೆ ಎದ್ದು ನಿಂತಿತು. ಕೆನ್ನೆಯ ಕಂದು ಕಲೆ ಬೂದಿ ಬಣ್ಣಕ್ಕೆ ತಿರುಗಿತು. ಮುಚ್ಚಲಿ ಅಂತ ಮೇಲೆ ಮತ್ತೊಂದು ಪದರ ಬಳಿದರು, ಆಮೇಲೆ ಪೌಡರು. ನಕ್ಕರೆ ಬಾಯಿಯ ಸುತ್ತ ಬಿರುಕು! ಹುಡುಗಿ ಕನ್ನಡಿ ಮಗುಚಿಟ್ಟು ಗೋಡೆ ಕಡೆ ತಿರುಗಿ ಕೂತುಬಿಟ್ಟಳು.

ಅವಳ ಮುಖ ಮೊದಲಿನಿಂದ ಹಾಗಿರಲಿಲ್ಲ. ಎರಡು ವರ್ಷದ ಹಿಂದೆ ಮೊಡವೆಯ ಕಲೆ ಹೋಗಲಿ, ಬಣ್ಣ ಬರಲಿ ಅಂತ ಯಾರದೋ ಮಾತು ಕೇಳಿ ಔಷಧಿ ಅಂಗಡಿಯಿಂದ ಒಂದು ಟ್ಯೂಬ್ ತಂದು ಹಚ್ಚತೊಡಗಿದಳು. ಹದಿನೈದು ದಿನಕ್ಕೇ ಮುಖ ಬೆಳಗಿತು, ಮನೆಯವರೆಲ್ಲ ಹೊಗಳಿದರು. ಹಚ್ಚುವುದನ್ನು ಬಿಟ್ಟ ಕೂಡಲೇ ಉರಿ, ಕೆಂಪು, ಮತ್ತಷ್ಟು ಮೊಡವೆ. ಅದಕ್ಕೆ ಹೆದರಿ ಮತ್ತೆ ಹಚ್ಚಿದಳು. ಅದರಲ್ಲಿದ್ದದ್ದು ಸ್ಟಿರಾಯ್ಡ್. ಚರ್ಮರೋಗಕ್ಕೆ ವೈದ್ಯರು ಅಳೆದು ಕೊಟ್ಟರೆ ಅದು ಒಳ್ಳೆಯ ಔಷಧಿಯೇ. ಬಣ್ಣಕ್ಕೆಂದು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ನರ ಕಾಣಿಸುತ್ತದೆ, ಬಿಸಿಲು ತಾಕಿದರೆ ಉರಿಯುತ್ತದೆ. ಇಂಥ 14 ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಸರ್ಕಾರ 2018ರಲ್ಲೇ ಕಟ್ಟು ಮಾಡಿದೆ. ಆದರೂ ಕೈಗೆ ಸಿಗುತ್ತಲೇ ಇವೆ. ಕೊನೆಗೆ ಮೈಸೂರಿನ ಚರ್ಮವೈದ್ಯರೊಬ್ಬರು ನಿಧಾನವಾಗಿ ಅದನ್ನು ಬಿಡಿಸಿದರು. ಮದುವೆ ಹೊತ್ತಿಗೆ ಕೆಂಪು ಇಳಿದಿತ್ತು. ಒಣಕಲೂ ಕಂದು ಕಲೆಗಳೂ ಉಳಿದಿದ್ದವು.

ಅಷ್ಟರಲ್ಲಿ ಮುಹೂರ್ತದ ಅಲಂಕಾರಕ್ಕೆ ಗೊತ್ತು ಮಾಡಿದ್ದ ಪಾರ್ಲರಿನಾಕೆ ಬಂದಳು. ಮೂವತ್ತು ದಾಟಿರದ ಹೆಂಗಸು, ಮಾತು ಕಡಿಮೆ. ಮುಖ ನೋಡಿದವಳೇ, “ಏನಾದ್ರೂ ಟ್ಯೂಬ್ ಹಚ್ತಿದ್ರಾಮ್ಮ?” ಅಂದಳು. ಹುಡುಗಿ ತಲೆಯಾಡಿಸಿದಳು. “ಈಗ ಬಿಟ್ಟಿದೀರಾ?” “ಆರು ತಿಂಗಳಾಯ್ತು.” “ಹಾಗಾದ್ರೆ ಉಜ್ಜೋದು ಬೇಡ, ಬ್ಲೀಚೂ ಬೇಡ. ನೀರು ಕುಡಿಸೋಣ ಬನ್ನಿ.”

ಮುಖಕ್ಕೆ ನೀರು ಕುಡಿಸುವುದು! ಒಣಗೋಡೆಗೆ ಸುಣ್ಣ ಬಳಿಯುವ ಮುನ್ನ ನೀರು ಚಿಮುಕಿಸುವುದಿಲ್ಲವೇ? ಚಿಮುಕಿಸದಿದ್ದರೆ ಗೋಡೆ ಸುಣ್ಣದ ನೀರನ್ನೆಲ್ಲ ಹೀರಿ, ಆಮೇಲೆ ಹಕ್ಕಳೆ ಏಳುತ್ತದೆ. ಒಣಚರ್ಮದ ಕಥೆಯೂ ಅದೇ. ಫೌಂಡೇಷನ್ನಿನಲ್ಲಿರುವ ಪಸೆಯನ್ನು ಹೀರಿಕೊಂಡು ಪುಡಿಯನ್ನು ಮೇಲೆಯೇ ಬಿಡುತ್ತದೆ. ನಾವು ಆ ಪುಡಿಯ ಮೇಲೆ ಇನ್ನಷ್ಟು ಬಳಿಯುತ್ತೇವೆ.

ಆಕೆ ಮಾಡಿದ್ದನ್ನು ಪಕ್ಕದಲ್ಲೇ ಕೂತು ನೋಡಿದೆ, ನಿಮಗಾಗಿ ಬರೆಯುತ್ತಿದ್ದೇನೆ. ರಾತ್ರಿ ಬಳಿದದ್ದನ್ನೆಲ್ಲ ಎಣ್ಣೆಯಲ್ಲಿ ನೆನೆಸಿದ ಹತ್ತಿಯಿಂದ ಮೆಲ್ಲಗೆ ಒರೆಸಿದಳು. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಸಿ, ಮುಖ ಪೂರ್ತಿ ಆರುವ ಮುಂಚೆಯೇ, ಹಸಿ ಇರುವಾಗಲೇ, ವೈದ್ಯರು ಹೇಳಿದ್ದ ವಾಸನೆಯಿಲ್ಲದ ಕ್ರೀಮನ್ನು ದಪ್ಪಗೆ ಹಚ್ಚಿ ಮಲಗಿಸಿದಳು. ಅರಿಶಿನ ಎಣ್ಣೆ ಶಾಸ್ತ್ರದಲ್ಲೂ ಕೆನ್ನೆಗೆ ಬೊಟ್ಟಷ್ಟೇ ಸಾಕು, ಒಣಗುವ ತನಕ ಬಿಡಬೇಡಿ ಅಂದಳು. ಕಡಲೆಹಿಟ್ಟು, ನಿಂಬೆರಸ ಹತ್ತಿರವೂ ಸುಳಿಯಬಾರದು. ಒಣಮುಖವನ್ನು ಅವು ಇನ್ನಷ್ಟು ಒಣಗಿಸುತ್ತವೆ; ನಿಂಬೆ ಹಚ್ಚಿ ಬಿಸಿಲಿಗೆ ಹೋದರೆ ಕಲೆಯೇ ಆದೀತು.

ಬೆಳಗಿನ ಜಾವ ಮತ್ತೆ ತೊಳೆದು, ಹಸಿಮುಖಕ್ಕೆ ಕ್ರೀಮ್ ಹಚ್ಚಿ, ಹತ್ತು ನಿಮಿಷ ಕಾಯಿಸಿದಳು. “ಇಲ್ಲೇ ಎಲ್ಲರಿಗೂ ಅವಸರ,” ಅಂದಳು. ಕ್ರೀಮ್ ಇಂಗುವ ಮುಂಚೆ ಬಣ್ಣ ಹಚ್ಚಿದರೆ ಉಂಡೆಯುಂಡೆಯಾಗಿ ಬರುತ್ತದಂತೆ. ಅಷ್ಟು ಹೊತ್ತಿನಲ್ಲಿ ಜಡೆಯ ಕೆಲಸ ಮುಗಿಯಿತು. ಆಮೇಲೆ ಕಂದು ಕಲೆಯ ಮೇಲೆ ಮಾತ್ರ ಕಿತ್ತಳೆ ಬಣ್ಣದ ಕ್ರೀಮ್, ಬೆರಳ ತುದಿಯಿಂದ ಒಂದಿಷ್ಟು. ಕಲೆಯ ನೀಲಿ ಬೂದಿಯನ್ನು ಕಿತ್ತಳೆ ಕಳೆಯುತ್ತದೆ, ಹಾಗಾಗಿ ಮೇಲಿನ ಪದರ ತೆಳುವಾಗಿದ್ದರೂ ಸಾಕಾಗುತ್ತದೆ.

ಫೌಂಡೇಷನ್ ನೀರಾದದ್ದು, ಒಣಚರ್ಮಕ್ಕೆಂದೇ ಮಾಡಿದ್ದು, ಪುಡಿಯದ್ದಲ್ಲ. ಅದರ ಬಣ್ಣವನ್ನು ಕೈಯ ಮೇಲಲ್ಲ, ದವಡೆಯ ಅಂಚಿನಲ್ಲಿ ಹಚ್ಚಿ, ಛತ್ರದ ಬಾಗಿಲ ಬಳಿ ಹಗಲ ಬೆಳಕಿನಲ್ಲಿ ನೋಡಿ ಆರಿಸಿದಳು. ಕತ್ತಿಗೂ ಮುಖಕ್ಕೂ ಬೇರೆ ಬೇರೆ ಬಣ್ಣ ಇರಬಾರದು ನೋಡಿ. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಒತ್ತುತ್ತಾ ಹೋದಳು. ಎಳೆಯಲಿಲ್ಲ, ತಿಕ್ಕಲಿಲ್ಲ. ಒಂದು ಸಲಕ್ಕೆ ತೆಗೆದುಕೊಂಡದ್ದು ಒಂದು ಗುಲಗಂಜಿಯಷ್ಟು. ಪೌಡರು ಮೂಗು, ಹಣೆಗೆ ಮಾತ್ರ. “ಕೆನ್ನೆಗೆ ಪೌಡರ್ ಹಾಕಿದ್ರೆ ರಾತ್ರಿ ಪಟ್ಟ ಕಷ್ಟ ಎಲ್ಲ ಹೊಳೇಲಿ ಹುಣಸೆಹಣ್ಣು ಹಿಂಡಿದ ಹಾಗೆ,” ಅಂತ ಮೊದಲ ಸಲ ನಕ್ಕಳು. ಧಾರೆಯಾಯಿತು, ಹೋಮದ ಹೊಗೆಯಾಯಿತು, ಒಪ್ಪಿಸಿಕೊಡುವಾಗಿನ ಅಳುವೂ ಆಯಿತು. ಎಲ್ಲೂ ಒಡೆಯಲಿಲ್ಲ. ಹತ್ತಿರದಿಂದ ನೋಡಿದರೆ ಕಲೆಯ ನೆರಳು ಕಾಣುತ್ತಿತ್ತು. ಅದು ಮುಖದ ಹಾಗೆಯೇ ಇತ್ತು, ಗೊಂಬೆಯ ಹಾಗಲ್ಲ.

ಮಾರನೆಯ ದಿನ ಬೀಗರ ಜೊತೆ ನರಸೀಪುರದ ಸಂಗಮ ಸ್ನಾನಕ್ಕೆ ಹೊರಡುವುದೆಂದಾಯಿತು. ಆಗ ಶುರುವಾಯಿತು ಓರಗಿತ್ತಿಯ ಸಂಕಟ. ಹೆಣ್ಣು ನೋಡಲು ಬಂದ ದಿನವೂ, ನಿಶ್ಚಿತಾರ್ಥಕ್ಕೂ ಮಗಳ ಮುಖದ ಮೇಲೆ ಬಣ್ಣ ಇತ್ತು. “ಹೊಳೇಲಿ ಮುಖ ತೊಳೀಬೇಡ ಕಣೇ, ತಲೆ ಮೇಲೆ ಪ್ರೋಕ್ಷಣೆ ಮಾಡ್ಕೋ ಸಾಕು,” ಅಂತ ಪಿಸುಗುಟ್ಟಿದಳು. ಹುಡುಗಿ ಅಂದಳು: “ಇವತ್ತು ಹೊಳೇಲಿ ಮುಚ್ಚಿಟ್ರೆ, ನಾಳೆ ಅವರ ಮನೆ ಬಚ್ಚಲಲ್ಲಿ ಏನಮ್ಮ ಮಾಡ್ಲಿ?” ಓರಗಿತ್ತಿ ನನ್ನ ಮುಖ ನೋಡಿದಳು. ನಾನು ಏನು ಹೇಳಲಿ ಹೇಳಿ?

ಕಬ್ಬು, ಭತ್ತ, ತೆಂಗು ನೋಡುತ್ತಾ ನರಸೀಪುರ ತಲುಪಿದೆವು. ಕಾವೇರಿ, ಕಪಿಲೆಯರ ಜೊತೆಗೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಇಲ್ಲಿ ಕೂಡುತ್ತದೆಂದು ನಂಬಿಕೆ. ಅದಕ್ಕೇ ಇದು ತ್ರಿವೇಣಿ ಸಂಗಮ. ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತದೆ. 1989ರಲ್ಲಿ ಆರಂಭವಾದದ್ದು, 2025ರ ಫೆಬ್ರವರಿಯಲ್ಲೂ ನಡೆಯಿತು. ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿ, ಆಚೆ ಅಗಸ್ತ್ಯೇಶ್ವರ. ನರಸಿಂಹನ ಕೈಯಲ್ಲಿ ಗುಲಗಂಜಿಯಿದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅಂತ ಅರ್ಥವಂತೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕೆಂಪು ಬೀಜ ಅದು, ತಲೆಯ ಮೇಲೊಂದು ಕಪ್ಪು ಚುಕ್ಕೆ.

ಹುಡುಗಿ ಮೆಟ್ಟಿಲಿಳಿದು ಮೂರು ಮುಳುಗು ಹಾಕಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಬಂದಳು. ಬಿಸಿಲಿನಲ್ಲಿ ಎರಡು ಕೆನ್ನೆಯ ಕಲೆಯೂ ಎದ್ದು ಕಾಣುತ್ತಿತ್ತು. ಬೀಗಿತ್ತಿಯ ಓರಗಿತ್ತಿ ಸುಮ್ಮನಿರಲಿಲ್ಲ. “ಫೋಟೋದಲ್ಲಿ ಬೇರೆ ಥರ ಇದ್ಲಲ್ಲ?” ಅಂದೇಬಿಟ್ಟರು. ನಮಗೆ ಉಸಿರು ನಿಂತಂತಾಯಿತು. ಬೀಗಿತ್ತಿ ಸೊಸೆಯನ್ನು ಹತ್ತಿರ ಕರೆದು, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. “ಫೋಟೋ ಗೋಡೆಗೆ ಕಣಕ್ಕ, ಮನೆಗೆ ಬರೋಳು ಇವಳು,” ಅಂದರು. ಆಮೇಲೆ ಸೊಸೆಗೆ, “ಡಾಕ್ಟರಿಗೆ ತೋರಿಸ್ತಿದೀಯಾ? ಬಿಡಬೇಡ. ನನ್ನ ಬಂಗು ನೋಡು, ಎರಡನೇ ಹೆರಿಗೇಲಿ ಬಂದಿದ್ದು, ಇನ್ನೂ ಇದೆ.” ಅಷ್ಟೇ. ಎಲ್ಲರೂ ಬುತ್ತಿ ಬಿಚ್ಚಿದೆವು. ಓರಗಿತ್ತಿ ಮಾತ್ರ ಬಹಳ ಹೊತ್ತು ನೀರನ್ನೇ ನೋಡುತ್ತಾ ಕೂತಿದ್ದಳು.

ಎಲ್ಲ ಅತ್ತೆಯರೂ ಹೀಗಿರುವುದಿಲ್ಲ, ನನಗೆ ಗೊತ್ತು. ಆದರೆ ಬಣ್ಣ ಇರುವುದು ಒಂದು ದಿನದ ಸಂಭ್ರಮಕ್ಕೆ. ಸುಳ್ಳು ಹೇಳಿಸಲು ಅದನ್ನು ಹಚ್ಚಿದರೆ ತೊಳೆಯುವ ಹೊತ್ತು ಭಯವಾಗುತ್ತದೆ. ಬಂಗು, ಕಲೆ ಇರುವ ಸೋದರಿಯರೇ, ಬಿಸಿಲಿಗೆ ಹೋಗುವಾಗ ಕೊಡೆ ಹಿಡಿಯಿರಿ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ, ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಿ. ಹೆಸರು ದಿನಾಂಕ ಇಲ್ಲದ ಬಿಳಿಚುವ ಕ್ರೀಮನ್ನು ಯಾರು ಕೊಟ್ಟರೂ ಕೊಳ್ಳಬೇಡಿ. ಕೆಲವದರಲ್ಲಿ ಪಾದರಸ ಇರುತ್ತದೆ, ಅದು ಮೂತ್ರಪಿಂಡವನ್ನೇ ಕೆಡಿಸೀತು. ಹಚ್ಚುತ್ತಿರುವ ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಸಾಲ್ ಎಂದೇನಾದರೂ ಕಂಡರೆ ತಕ್ಷಣ ಚರ್ಮವೈದ್ಯರನ್ನು ಕಾಣಿ, ಬಿಡುವ ಕ್ರಮವನ್ನೂ ಅವರಿಂದಲೇ ಕೇಳಿ. ಹೊಸ ಫೌಂಡೇಷನ್ ತಂದರೆ ಮದುವೆಗೆ ಕೆಲವು ದಿನ ಮೊದಲೇ ದವಡೆಯ ಕೆಳಗೆ ಹಚ್ಚಿ ನೋಡಿ, ತುರಿಸಿದರೆ ಬೇಡ. ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಬಣ್ಣ ತೆಗೆದೇ ಮಲಗಿ.

ಈ ಎರಡೂರಿಗೂ ಮೈಸೂರಿನಿಂದ ಬಸ್ಸು ಬೇಕಾದಷ್ಟಿವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾದಾ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ದುಡ್ಡೂ ಇಲ್ಲ. ಬೆಳಿಗ್ಗೆ ನಂಜುಂಡನ ದರ್ಶನ ಮಾಡಿ, ಮಧ್ಯಾಹ್ನ ಸಂಗಮ ನೋಡಿ, ಸಂಜೆಗೆ ಮನೆ ಸೇರಬಹುದು. ಹೊಳೆ ತುಂಬಿ ಹರಿಯುವ ಮಳೆಗಾಲದಲ್ಲಿ ಮಾತ್ರ ನೀರಿಗೆ ಇಳಿಯಬೇಡಿ. ಕೈಚೀಲದಲ್ಲಿ ಒಂದು ಒಣ ಟವಲು, ಸಣ್ಣ ಶೀಸೆಯಲ್ಲಿ ಕೊಬ್ಬರಿಎಣ್ಣೆ, ಒಂದು ಕೊಡೆ ಇರಲಿ. ಬರುವಾಗ ರಸಬಾಳೆ ಸಿಕ್ಕರೆ ಒಂದು ಚಿಪ್ಪು ಹೆಚ್ಚಿಗೇ ತನ್ನಿ, ಮನೆಯಲ್ಲಿ ಜಗಳವಾಗುತ್ತದೆ!